ಮೊದಲು ಪ್ಲೇ ಒತ್ತಿದ್ದು ಯಾರು? ಹಳೇ ಅಭಿಮಾನಿಗಳ ಕಥೆ ಕೇಳಿ ಬರೆದಿಡುವ ಬಗೆ

ನನಗೆ ಪಿಂಕ್ ಫ್ಲಾಯ್ಡ್ ಎಂಬ ಬ್ರಿಟಿಷ್ ರಾಕ್ ಬ್ಯಾಂಡು ಸಿಕ್ಕಿದ್ದು ಹೆಸರೇ ಇಲ್ಲದ ಒಂದು ಕ್ಯಾಸೆಟ್ಟಿನಲ್ಲಿ. ಅದು 1991. ನನಗೆ ಆಗ 13 ವರ್ಷ. ಅಣ್ಣನಿಗೆ ಅವನ ಗೆಳೆಯನೊಬ್ಬ ಕೊಟ್ಟ ಟೇಪು. ಅಣ್ಣ ಸ್ವಲ್ಪ ಕೇಳಿ ಮೇಜಿನ ಮೇಲೆ ಇಟ್ಟು ಮರೆತಿದ್ದ. 90 ನಿಮಿಷದ ಟೇಪು. ಒಳಗಿನ ಕಾರ್ಡಿನ ಮೇಲೆ ಬ್ಯಾಂಡಿನ ಹೆಸರಿಲ್ಲ, ಹಾಡಿನ ಹೆಸರಿಲ್ಲ. ನೀಲಿ ಪೆನ್ನಿನಲ್ಲಿ 'ಪೂರ್ತಿ ಕೇಳು' ಎಂದು ಮಾತ್ರ ಬರೆದಿತ್ತು.

ಹಾಕಿದೆ. ಏನೂ ಕೇಳಿಸಲಿಲ್ಲ. ಖಾಲಿ ಟೇಪು ಅಂದುಕೊಂಡು ರಿವೈಂಡ್ ಮಾಡಿ ಮತ್ತೆ ಹಾಕಿದೆ. ವಾಲ್ಯೂಮ್ ಜಾಸ್ತಿ ಮಾಡಿದೆ. ಆಗ ಎಲ್ಲೋ ದೂರದಲ್ಲಿ ಡಬ್ ಡಬ್ ಅನ್ನುವ ಸದ್ದು. ನಿಧಾನಕ್ಕೆ ಹತ್ತಿರ ಬರುತ್ತಿತ್ತು. ಟೇಪ್ ರೆಕಾರ್ಡರಿನ ಮೋಟರು ಬಡಿದುಕೊಳ್ಳುತ್ತಿದೆ ಎಂದು ಹೆದರಿ ನಿಲ್ಲಿಸಿಬಿಟ್ಟೆ. ಮೂರನೇ ಸಲ ಹಾಕಿದಾಗಲೇ ಅದು ಎದೆಬಡಿತ ಎಂದು ಗೊತ್ತಾಗಿದ್ದು. ಆಮೇಲೆ ಗಡಿಯಾರದ ಟಿಕ್ ಟಿಕ್, ಯಾರದೋ ನಗು, ಒಬ್ಬ ಹೆಂಗಸಿನ ಚೀರಾಟ, ಅದರ ಬೆನ್ನಿಗೇ ಗಿಟಾರು. ಅವತ್ತು ನಾನು ನೆಲದ ಮೇಲೆ ಕೂತಿದ್ದೆ. ಟೇಪು ಮುಗಿದು ಬಟನ್ ಟಪ್ ಎಂದು ಮೇಲೆದ್ದಾಗಲೂ ಅಲ್ಲೇ ಕೂತಿದ್ದೆ.

ಈಗ ನನ್ನ ಹತ್ತಿರ ಇಂಥ 46 ಕಥೆಗಳಿವೆ. ಎಲ್ಲವೂ ಈ ಬ್ಯಾಂಡನ್ನು ಇಪ್ಪತ್ತು, ಮೂವತ್ತು, ನಲವತ್ತು ವರ್ಷದಿಂದ ಕೇಳುತ್ತಿರುವವರವು. ಎಂಟು ವರ್ಷದಿಂದ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ ಬರೆದುಕೊಂಡಿದ್ದೇನೆ. ನೀವೂ ನಿಮ್ಮ ಇಷ್ಟದ ಬ್ಯಾಂಡಿನ ಹಳೇ ಅಭಿಮಾನಿಗಳನ್ನು ಹೀಗೆ ಕೇಳಬಹುದು. ಯಾವ ಬ್ಯಾಂಡಾದರೂ ಸರಿ, ದಾರಿ ಒಂದೇ.

ನನ್ನ ಮೊದಲ ಹತ್ತು ಹನ್ನೆರಡು ಕಥೆಗಳು ಚೆನ್ನಾಗಿ ಬರಲಿಲ್ಲ. ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. 'ಕೇಳಿದ ಕೂಡಲೇ ಹಿಡಿಸಿಬಿಟ್ಟಿತು, ಅವತ್ತಿಂದ ಬೇರೆ ಏನೂ ಕೇಳೋಕಾಗಲಿಲ್ಲ.' ಅದು ಸುಳ್ಳಲ್ಲ. ಆದರೆ ಹೇಳಿದ ಮನುಷ್ಯ ಆ ಮಾತಿನೊಳಗೆ ಎಲ್ಲೂ ಕಾಣುವುದಿಲ್ಲ. ತಪ್ಪು ನನ್ನ ಪ್ರಶ್ನೆಯಲ್ಲಿತ್ತು. 'ಈ ಬ್ಯಾಂಡು ನಿಮಗೆ ಹೇಗೆ ಪರಿಚಯವಾಯಿತು?' ಎಂದು ಕೇಳುತ್ತಿದ್ದೆ. ಹಾಗೆ ಕೇಳಿದರೆ ಜನ ಬ್ಯಾಂಡಿನ ಬಗ್ಗೆ ಹೇಳುತ್ತಾರೆ. ಈಗ ಬೇರೆ ಪ್ರಶ್ನೆಯಿಂದ ಶುರು ಮಾಡುತ್ತೇನೆ. 'ಅವತ್ತು ಪ್ಲೇ ಒತ್ತಿದ್ದು ಯಾರು?'

ಈ ಪ್ರಶ್ನೆ ಕೇಳಿದ ಕೂಡಲೇ ಮುಖ ಬದಲಾಗುತ್ತದೆ. ಕಣ್ಣು ಎಲ್ಲೋ ಹೋಗುತ್ತದೆ. ಒಬ್ಬ ಅಕ್ಕ, ಒಬ್ಬ ಹಾಸ್ಟೆಲ್ ರೂಮ್‌ಮೇಟು, ಸೋದರತ್ತೆಯ ಮಗ, ಹೆಸರು ಮರೆತುಹೋದ ಯಾರೋ ಒಬ್ಬರು ಬಂದು ನಿಲ್ಲುತ್ತಾರೆ. ರೇಡಿಯೋ ಆಗಿದ್ದರೂ ಅದನ್ನು ಆನ್ ಮಾಡಿದವರು ಒಬ್ಬರಿರುತ್ತಾರೆ, ಅಲ್ವಾ? ನನ್ನ 46ರಲ್ಲಿ 41 ಕಥೆಗಳಲ್ಲಿ ಬಟನ್ ಒತ್ತಿದ ಕೈ ಬೇರೆಯವರದು.

ಮೊದಲು ನಿಮ್ಮದೇ ಕಥೆ ಬರೆಯಿರಿ

ಬೇರೆಯವರ ಹತ್ತಿರ ಹೋಗುವ ಮೊದಲು ನಿಮ್ಮ ಕಥೆ ಒಂದು ಪುಟ ಬರೆಯಿರಿ. ಇಂಟರ್ನೆಟ್ ನೋಡಬೇಡಿ, ಡೈರಿ ತೆಗೆಯಬೇಡಿ, ಹಾಡನ್ನೂ ಹಾಕಬೇಡಿ. ನೆನಪಿದ್ದಷ್ಟು ಸಾಕು. ಬರೆದು ಮುಗಿದ ಮೇಲೆ ತಾಳೆ ನೋಡಿ. ನಿಮ್ಮ ನೆನಪು ಎಲ್ಲಿ ಜಾರಿದೆ ಎಂದು ಒಮ್ಮೆ ಕಂಡರೆ, ಎದುರು ಕೂತವರ ನೆನಪು ಜಾರುವಾಗ ತಾಳ್ಮೆ ತಾನಾಗಿ ಬರುತ್ತದೆ.

ಬರೆಯುವಾಗ ಮೂರು ದಿನಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಹಾಡು ಕಿವಿಗೆ ಬಿದ್ದ ದಿನ. ಬ್ಯಾಂಡಿನ ಹೆಸರು ಗೊತ್ತಾದ ದಿನ. ಇದು ನನ್ನದು ಅನ್ನಿಸಿದ ದಿನ. ನಾವು ಸಾಮಾನ್ಯವಾಗಿ ಮೂರನ್ನೂ ಒಂದೇ ದಿನಕ್ಕೆ ಕಟ್ಟಿಬಿಡುತ್ತೇವೆ. ನಿಜದಲ್ಲಿ ನಡುವೆ ವರ್ಷಗಳೇ ಇರುತ್ತವೆ.

ನನ್ನದನ್ನೇ ನೋಡಿ. ಕಿವಿಗೆ ಬಿದ್ದದ್ದು 1991. ಹೆಸರು ಗೊತ್ತಾಗಿದ್ದು 1993ರಲ್ಲಿ. ಕ್ಲಾಸಿನ ಹುಡುಗಿಯೊಬ್ಬಳ ಮನೆಯಲ್ಲಿ ಸಿ.ಡಿ. ಹಾಕಿದರು, ಅದೇ ಎದೆಬಡಿತ. ನಾನು ಎದ್ದು ನಿಂತುಬಿಟ್ಟೆ. ಕವರಿನ ಮೇಲೆ ಕಪ್ಪು ಹಿನ್ನೆಲೆ, ಒಂದು ಪಟ್ಟಕ (ಪ್ರಿಸಂ), ಅದರೊಳಗಿಂದ ಹೊರಬರುವ ಬಣ್ಣಗಳು. ಆ ಆಲ್ಬಮ್ಮಿನ ಮೂಲ ಕವರಿನ ಮುಂಭಾಗದಲ್ಲಿ ಬ್ಯಾಂಡಿನ ಹೆಸರೇ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಅವರ 1970ರ ಆಲ್ಬಮ್ಮಿನ ಕವರಿನ ಮೇಲೂ ಹೊಲದಲ್ಲಿ ನಿಂತ ಒಂದು ಹಸು ಮಾತ್ರ ಇದೆ. ಹಾಗಾಗಿ ಈ ಬ್ಯಾಂಡಿನ ಅಭಿಮಾನಿಗಳಲ್ಲಿ ಹೆಸರು ಗೊತ್ತಿಲ್ಲದೆ ವರ್ಷಗಟ್ಟಲೆ ಕೇಳಿದವರು ಜಾಸ್ತಿ. ಅವರನ್ನು 'ಪಿಂಕ್ ಫ್ಲಾಯ್ಡ್ ಯಾವಾಗ ಕೇಳಿದಿರಿ' ಎಂದು ಕೇಳಿದರೆ ಎರಡನೇ ದಿನದ ಕಥೆ ಹೇಳುತ್ತಾರೆ. ಮೊದಲನೇ ದಿನ ಹಾಗೇ ಕಳೆದುಹೋಗುತ್ತದೆ.

ಮೂರನೇ ದಿನ ಬಂದದ್ದು 1996ರಲ್ಲಿ. ಅದಕ್ಕೆ ನನ್ನ ಟೇಪಿನ ಕೊನೆಯ ಒಂದೂವರೆ ನಿಮಿಷದ ಬಗ್ಗೆ ಹೇಳಬೇಕು. ಟೇಪಿನಲ್ಲಿದ್ದದ್ದು 'ದ ಡಾರ್ಕ್ ಸೈಡ್ ಆಫ್ ದ ಮೂನ್'. ಆ ಆಲ್ಬಮ್ ಸುಮಾರು 43 ನಿಮಿಷ. 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ 45 ನಿಮಿಷ. ಆಲ್ಬಮ್ ಮುಗಿದ ಮೇಲೆ ನನ್ನ ಟೇಪಿನಲ್ಲಿ ಯಾರೋ ರೇಡಿಯೋ ತಿರುಗಿಸುವ ಸದ್ದಿತ್ತು. ಕರಕರ ಸದ್ದು, ಯಾರದೋ ಮಾತು, ಆಮೇಲೆ ರೇಡಿಯೋದೊಳಗಿಂದ ಬಂದಂತೆ ಸಣ್ಣ ದನಿಯ ಗಿಟಾರು. ನಡುವೆ ಒಬ್ಬರು ಕೆಮ್ಮುತ್ತಾರೆ. ಆಮೇಲೆ ಇನ್ನೊಂದು ಗಿಟಾರು, ತೀರ ಹತ್ತಿರದಲ್ಲಿ, ಪಕ್ಕದಲ್ಲೇ ಕೂತು ನುಡಿಸಿದಂತೆ. ಹಾಡು ಶುರುವಾಗಬೇಕು, ಅಷ್ಟರಲ್ಲಿ ಟೇಪು ಮುಗಿಯುತ್ತದೆ. ಎರಡನೇ ಬದಿ ಪೂರ್ತಿ ಖಾಲಿ.

ಐದು ವರ್ಷ ನಾನು ಅಂದುಕೊಂಡಿದ್ದು ಹೀಗೆ: ಅಣ್ಣನ ಗೆಳೆಯ ರೆಕಾರ್ಡ್ ಬಟನ್ ನಿಲ್ಲಿಸಲು ಮರೆತಿದ್ದಾನೆ, ರೇಡಿಯೋ ಹಾಕಿದ್ದಾನೆ, ಅದರ ಜೊತೆ ತಾನೂ ಗಿಟಾರು ನುಡಿಸಿದ್ದಾನೆ, ಕೆಮ್ಮು ಅವನದೇ. 1996ರಲ್ಲಿ 'ವಿಶ್ ಯು ವರ್ ಹಿಯರ್' ಆಲ್ಬಮ್ ಕೇಳಿದೆ. ನಾಲ್ಕನೇ ಹಾಡು ಬಂತು. ಅದೇ ರೇಡಿಯೋ, ಅದೇ ಸಣ್ಣ ಗಿಟಾರು, ಅದೇ ಕೆಮ್ಮು. ಎಲ್ಲವೂ 1975ರ ಆ ಆಲ್ಬಮ್ಮಿನಲ್ಲೇ ಇದೆ. ಈ ಸಲ ಟೇಪು ಮುಗಿಯಲಿಲ್ಲ. ಬ್ಯಾಂಡಿನ ಗಿಟಾರು ವಾದಕ ಡೇವಿಡ್ ಗಿಲ್ಮೋರ್ ಹಾಡಲು ಶುರು ಮಾಡಿದರು. ನಾನು ಅತ್ತೆ. ನನ್ನ ಮೂರನೇ ದಿನ ಅದು.

ವರ್ಷಗಳ ಪಟ್ಟಿ ಜೊತೆಗಿರಲಿ

ಪ್ರತಿ ಬ್ಯಾಂಡಿಗೂ ಜನ ಒಳಗೆ ಬಂದ ಬಾಗಿಲುಗಳಿರುತ್ತವೆ. ಆ ಬಾಗಿಲುಗಳ ವರ್ಷಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೂತು ಮಾತಾಡುವಾಗ ಅದನ್ನು ತೋರಿಸಬೇಡಿ. ನಿಮ್ಮ ಜೇಬಿನಲ್ಲಿರಲಿ.

ನನ್ನ ಹಾಳೆ ಹೀಗಿದೆ. 1967ರ ಮಾರ್ಚ್‌ನಲ್ಲಿ ಮೊದಲ ಸಿಂಗಲ್. ಆಗ ಹಾಡು ಬರೆದು ಹಾಡುತ್ತಿದ್ದದ್ದು ಸಿಡ್ ಬ್ಯಾರೆಟ್. ಮರುವರ್ಷ ಅವರು ಬ್ಯಾಂಡಿನಲ್ಲಿರಲಿಲ್ಲ. 1973ರ ಮಾರ್ಚ್ 1, 'ಡಾರ್ಕ್ ಸೈಡ್'. ಇದು ಹೆಚ್ಚು ಮಾರಾಟವಾಗುವ ಆಲ್ಬಮ್ಮುಗಳ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರವರೆಗೆ ಒಟ್ಟು 741 ವಾರ ಇತ್ತು. ಈ ಸಂಖ್ಯೆಯನ್ನು ಜನ ದಾಖಲೆ ಎಂದು ಹೇಳುತ್ತಾರೆ. ನನಗೆ ಅದರಲ್ಲಿ ಬೇರೆಯದೇ ಕಾಣುತ್ತದೆ. ಹದಿನೈದು ವರ್ಷ, ಹೆಚ್ಚುಕಡಿಮೆ ಪ್ರತಿ ವಾರ, ಯಾರೋ ಒಬ್ಬರು ಅದನ್ನು ಮೊದಲ ಸಲ ಮನೆಗೆ ತರುತ್ತಿದ್ದರು. ಈ ಬಾಗಿಲು ಮುಚ್ಚಲೇ ಇಲ್ಲ.

ಆಮೇಲೆ 1979ರ ನವೆಂಬರ್ 30, 'ದ ವಾಲ್'. ಅದರ ಒಂದು ಹಾಡಿಗೆ ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಮಕ್ಕಳು ದನಿ ಕೊಟ್ಟಿದ್ದರು. ಆಗ ಶಾಲೆಯಲ್ಲಿದ್ದವರಿಗೆ ಅದೇ ಬಾಗಿಲು. 1982ರಲ್ಲಿ ಅದರ ಸಿನಿಮಾ. 1989ರ ಜುಲೈ 15ರಂದು ವೆನಿಸ್‌ನಲ್ಲಿ ನೀರಿನ ಮೇಲೆ ತೇಲುವ ವೇದಿಕೆ ಕಟ್ಟಿ ನುಡಿಸಿದ್ದು, ಅದನ್ನು ಟಿ.ವಿ.ಯಲ್ಲಿ ನೇರವಾಗಿ ತೋರಿಸಿದ್ದು. 1994ರ 'ದ ಡಿವಿಷನ್ ಬೆಲ್'. 1995ರ 'ಪಲ್ಸ್', ಅದರ ಸಿ.ಡಿ. ಡಬ್ಬಿಯ ಬೆನ್ನಿನಲ್ಲಿ ಮಿಣಮಿಣ ಮಿನುಗುವ ಕೆಂಪು ದೀಪ. 2005ರ ಜುಲೈ 2, ಲಂಡನ್ನಿನ ಹೈಡ್ ಪಾರ್ಕ್, ಲೈವ್ 8 ಎಂಬ ದೊಡ್ಡ ಸಂಗೀತ ಕಾರ್ಯಕ್ರಮ. ರೋಜರ್ ವಾಟರ್ಸ್, ಗಿಲ್ಮೋರ್, ನಿಕ್ ಮೇಸನ್, ರಿಚರ್ಡ್ ರೈಟ್ ನಾಲ್ವರೂ 24 ವರ್ಷದ ನಂತರ ಒಂದೇ ವೇದಿಕೆಯಲ್ಲಿ. ಆಮೇಲೆ ಅದು ಮತ್ತೆ ಆಗಲಿಲ್ಲ. ರೈಟ್ 2008ರಲ್ಲಿ ತೀರಿಕೊಂಡರು.

ನಿಮ್ಮ ಬ್ಯಾಂಡು ಬೇರೆಯಾದರೆ ಬಾಗಿಲೂ ಬೇರೆ. ಬೀಟಲ್ಸ್ ಅಂದರೆ 1964ರ ಫೆಬ್ರವರಿ 9, ಅಮೆರಿಕದಲ್ಲಿ ಸುಮಾರು 7.3 ಕೋಟಿ ಜನ ಟಿ.ವಿ. ಮುಂದೆ ಕೂತು ನೋಡಿದ ರಾತ್ರಿ. ಕ್ವೀನ್ ಆದರೆ 1985ರ ಜುಲೈ 13ರ ಲೈವ್ ಏಡ್ ಸಂಗೀತ ಕಾರ್ಯಕ್ರಮ. ಮೆಟಾಲಿಕಾದ 1986ರ ಒಂದು ಹಾಡು 2022ರಲ್ಲಿ ಒಂದು ಧಾರಾವಾಹಿಯಿಂದ ಹೊಸ ಮಕ್ಕಳಿಗೆ ಸಿಕ್ಕಿತು. ಅವರೂ ಇನ್ನು ಇಪ್ಪತ್ತು ವರ್ಷಕ್ಕೆ ಹಳೇ ಅಭಿಮಾನಿಗಳೇ. ಈಗಲೇ ಕೇಳಿಟ್ಟುಕೊಂಡರೆ ಒಳ್ಳೆಯದು.

ಸಾಮಾನಿನ ವರ್ಷಗಳೂ ಹಾಳೆಯಲ್ಲಿರಲಿ. ಕ್ಯಾಸೆಟ್ಟು ಬಂದದ್ದು 1963. ವಾಕ್‌ಮನ್ 1979ರ ಜುಲೈ. ಸಿ.ಡಿ. ಮಾರಾಟಕ್ಕೆ ಬಂದದ್ದು 1982ರ ಅಕ್ಟೋಬರ್, ಮೊದಲು ಜಪಾನಿನಲ್ಲಿ. ಯೂಟ್ಯೂಬ್ 2005. ಬ್ಯಾಂಡಿನ ತಾರೀಕಿಗಿಂತ ಇವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ವರ್ಷ ಮರೆತವರಿಗೂ ಯಾವ ಯಂತ್ರದಲ್ಲಿ ಕೇಳಿದ್ದು ಎಂಬುದು ನೆನಪಿರುತ್ತದೆ.

ಕೂತು ಕೇಳುವುದು

ಯಾರನ್ನು ಕೇಳಬೇಕು? ತುಂಬಾ ಮಾತಾಡುವ ಅಭಿಮಾನಿ ಸುಲಭವಾಗಿ ಸಿಗುತ್ತಾರೆ, ಅವರನ್ನು ಬಿಡಬೇಡಿ. ಆದರೆ ಮೂಲೆಯಲ್ಲಿ ಸುಮ್ನೆ ಕೂತವರನ್ನು ಹುಡುಕಿ. ಗಂಡನ ಆಲ್ಬಮ್ಮುಗಳ ಧೂಳು ಒರೆಸುತ್ತಾ ಕೇಳಿದ ಹೆಂಡತಿ, ಮಗನ ರೂಮಿನಿಂದ ಕೇಳಿಸಿಕೊಂಡ ಅಪ್ಪ, ಇಂಥವರು 'ನಾನೇನು ದೊಡ್ಡ ಫ್ಯಾನ್ ಅಲ್ಲ' ಎಂದು ಶುರು ಮಾಡಿ ಒಂದು ಗಂಟೆ ಮಾತಾಡುತ್ತಾರೆ.

ಬರುವಾಗ ಹಳೆಯ ಸಾಮಾನು ಏನಾದರೂ ಇದ್ದರೆ ತರಲು ಹೇಳಿ. ಕ್ಯಾಸೆಟ್ಟು, ಎಲ್‌ಪಿ (ಗ್ರಾಮಫೋನ್ ತಟ್ಟೆ) ಕವರು, ಟಿಕೆಟ್ಟಿನ ತುಂಡು, ಹಾಡಿನ ಸಾಲು ಬರೆದುಕೊಂಡ ನೋಟ್‌ಬುಕ್ಕು. ಕೈಯಲ್ಲಿ ಕ್ಯಾಸೆಟ್ಟು ಹಿಡಿದವರ ಬೆರಳು ತಾನಾಗಿ ರೀಲು ಸುತ್ತಲು ನೋಡುತ್ತದೆ. ಮಾತು ಅಲ್ಲಿಂದ ಹೊರಡುತ್ತದೆ.

ಭಾವನೆ ಕೇಳಬೇಡಿ, ವಸ್ತು ಕೇಳಿ. 'ಏನನ್ನಿಸಿತು' ಅನ್ನುವುದಕ್ಕೆ ಎಲ್ಲರ ಹತ್ತಿರವೂ ತಯಾರಿದ್ದ ಉತ್ತರ ಇರುತ್ತದೆ. 'ಸದ್ದು ಯಾವ ಕಡೆಯಿಂದ ಬರುತ್ತಿತ್ತು' ಅನ್ನುವುದಕ್ಕೆ ಇರುವುದಿಲ್ಲ. ನಾನು ಕೇಳುವುದು ಇಷ್ಟು. ಯಂತ್ರ ಯಾವುದು? ಎಲ್ಲಿಟ್ಟಿದ್ದರು? ರೂಮಿನಲ್ಲಿ ಇನ್ಯಾರಿದ್ದರು? ಹಗಲೋ ರಾತ್ರಿಯೋ? ಟೇಪಾದರೆ ಇನ್ನೊಂದು ಬದಿಯಲ್ಲಿ ಏನಿತ್ತು? ಮುಗಿದ ಮೇಲೆ ಏನು ಮಾಡಿದಿರಿ? ಈ ಕೊನೆಯ ಪ್ರಶ್ನೆ ಮರೆಯಬೇಡಿ. 'ಜೀವನವೇ ಬದಲಾಯಿತು' ಎಂದವರನ್ನು 'ಮರುದಿನ ಬೆಳಗ್ಗೆ ಏನು ಮಾಡಿದಿರಿ' ಎಂದು ಕೇಳಿ. ಒಬ್ಬರು ಹೇಳಿದರು, ಮರುದಿನ ಪರೀಕ್ಷೆ ಇತ್ತು, ಉತ್ತರಪತ್ರಿಕೆಯ ಹಿಂದಿನ ಪುಟದಲ್ಲಿ ಪಟ್ಟಕದ ಚಿತ್ರ ಬರೆದು ಬಂದೆ ಎಂದು. ನನಗೆ ಬೇಕಾಗಿದ್ದು ಅದೇ.

'ಸದ್ದು ಯಾವ ಕಡೆಯಿಂದ' ಎಂದು ಕೇಳಿದ್ದಕ್ಕೆ ನನಗೆ ಸಿಕ್ಕ ದೊಡ್ಡ ಕಥೆ ಒಬ್ಬ ನಿವೃತ್ತ ಟೀಚರದು. ಅವರು ಕೈ ಎತ್ತಿ ಪಕ್ಕದ ಗೋಡೆ ತೋರಿಸಿದರು. ಪಕ್ಕದ ಮನೆಯವರು ರಾತ್ರಿ ಹೊತ್ತು ಹಾಡು ಹಾಕುತ್ತಿದ್ದರಂತೆ. ಗೋಡೆ ದಾಟಿ ಬರುತ್ತಿದ್ದದ್ದು ಬೇಸ್ ಗಿಟಾರು ಮಾತ್ರ. ಕೆಳಗಿನ ಸ್ವರಗಳು ಗೋಡೆಯನ್ನು ಹೆಚ್ಚು ದಾಟುತ್ತವೆ, ಮೇಲಿನವು ಅಲ್ಲೇ ಉಳಿಯುತ್ತವೆ. ಹಾಗಾಗಿ ಅವರಿಗೆ ದನಿ ಇಲ್ಲ, ಮಾತಿಲ್ಲ, ಗಿಟಾರಿಲ್ಲ. ಬೇಸ್ ಒಂದೇ. ನಿದ್ದೆ ಬಾರದೆ ಅದನ್ನು ಬೆರಳಲ್ಲಿ ಎಣಿಸುತ್ತಿದ್ದರು. ಏಳಕ್ಕೆ ಬಂದು ಮತ್ತೆ ಒಂದರಿಂದ ಶುರು. ನಾಲ್ಕೂ ಅಲ್ಲ, ಎಂಟೂ ಅಲ್ಲ, ಏಳು. ಇದೆಂಥ ಲೆಕ್ಕ ಎಂದು ತಲೆಗೆ ಹತ್ತಿತಂತೆ. ವರ್ಷಗಳ ನಂತರ ಒಂದು ಮದುವೆಮನೆಗೆ ಹೋಗುವ ಕಾರಿನಲ್ಲಿ 'ಡಾರ್ಕ್ ಸೈಡ್' ಆಲ್ಬಮ್ಮಿನ 'ಮನಿ' ಹಾಡು ಬಂತು. ಅವರ ಬೆರಳು ತಾನಾಗಿ ಎಣಿಸಲು ಶುರು ಮಾಡಿತು. 'ಮೇಲೆ ಯಾರೋ ಹಾಡ್ತಿದ್ರು, ನನಗೆ ಅದು ಆಮೇಲೆ ಸೇರಿಸಿದ್ದು ಅನ್ನಿಸಿತು' ಎಂದರು. ಆ ಹಾಡಿನ ತಾಳ ನಿಜವಾಗಿಯೂ ಏಳರದು. ಅದನ್ನು ಅವರು ಸಂಗೀತ ಕಲಿಯದೆ, ಗೋಡೆಗೆ ತಲೆಯಾನಿಸಿ ಮಲಗಿಕೊಂಡು ಕಂಡುಕೊಂಡಿದ್ದರು.

ಇವರನ್ನು ನಾನು ಹಳೆಯ ಪ್ರಶ್ನೆ ಕೇಳಿದ್ದರೆ 'ಒಂದು ಕಾರಿನಲ್ಲಿ ಕೇಳಿದೆ' ಎಂದು ಹೇಳಿ ಮುಗಿಸುತ್ತಿದ್ದರು.

ಇನ್ನೊಬ್ಬರದು ಚಿಕ್ಕದು, ಆದರೆ ನನಗೆ ಇಷ್ಟ. ಗೆಳತಿಯ ಮನೆಯಲ್ಲಿ ರಾತ್ರಿ ಉಳಿದಿದ್ದಾಗ ಕಪಾಟಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿತ್ತು. ಏನೋ ಯಂತ್ರ ಉರಿಯುತ್ತಿದೆ ಎಂದು ಎದ್ದು ನೋಡಿದರೆ 'ಪಲ್ಸ್' ಸಿ.ಡಿ. ಹಾಡಿಗಿಂತ ಮೊದಲು ಅವರಿಗೆ ಸಿಕ್ಕಿದ್ದು ದೀಪ.

ಹಾಡನ್ನು ಮೊದಲೇ ಹಾಕಬೇಡಿ. ಹಾಡು ಶುರುವಾದರೆ ಜನ ನೆನಪು ಬಿಟ್ಟು ಹಾಡಿನ ಬಗ್ಗೆ ಮಾತಾಡುತ್ತಾರೆ. ಅರ್ಧ ಗಂಟೆ ಕಳೆಯಲಿ. ಆಮೇಲೆ ಅವರು ಮೊದಲು ಕೇಳಿದ ಹಾಡನ್ನು ಹಾಕಿ, ರೆಕಾರ್ಡಿಂಗ್ ನಿಲ್ಲಿಸಬೇಡಿ. ಅವರ ಗುನುಗನ್ನು ಗಮನಿಸಿ. ಹಳೆಯ ಎಲ್‌ಪಿಯಲ್ಲೋ ಟೇಪಿನಲ್ಲೋ ಕೇಳಿದವರು ಅದರ ಗೀರನ್ನೂ ಸೇರಿಸಿ ಕಲಿತಿರುತ್ತಾರೆ. ನನ್ನ ಟೇಪಿನಲ್ಲಿ 'ಟೈಮ್' ಹಾಡಿನ ಗಿಟಾರಿನ ನಡುವೆ ಎರಡು ಸಲ ಟಕ್ ಟಕ್ ಎನ್ನುತ್ತದೆ. ಎಲ್ಲಿ ಕೇಳಿದರೂ ಆ ಜಾಗಕ್ಕೆ ಬಂದಾಗ ನನ್ನ ತಲೆಯೊಳಗೆ ಈಗಲೂ ಟಕ್ ಟಕ್. ಹಾಗೇ 'ಮನಿ' ಶುರುವಾಗುವ ಮೊದಲು ಇಪ್ಪತ್ತು ಸೆಕೆಂಡು ಮೌನ ಬೇಕು ನನಗೆ. ಎಲ್‌ಪಿ ಮಗುಚಿ ಹಾಕಲು ಅಣ್ಣನ ಗೆಳೆಯನಿಗೆ ಬೇಕಾದ ಸಮಯ ಅದು. ಒಬ್ಬರು ಇಂಥ ಜಾಗದಲ್ಲಿ ತಡೆದರೆ, ಅಲ್ಲಿ ಏನಿತ್ತು ಎಂದು ಕೇಳಿ. ಸೆಲ್ಲು ಮುಗಿಯುತ್ತಾ ಬಂದ ಪ್ಲೇಯರಿನಲ್ಲಿ ಕೇಳಿ ಬೆಳೆದ ಒಬ್ಬರಿಗೆ ಸರಿಯಾದ ವೇಗ ಇವತ್ತಿಗೂ ಅವಸರ ಅನ್ನಿಸುತ್ತದೆ.

ತಾರೀಕು ತಪ್ಪಿದಾಗ

ತಪ್ಪುತ್ತದೆ. ಪ್ರತಿಯೊಬ್ಬರದೂ ತಪ್ಪುತ್ತದೆ. ಆಗ ಜೇಬಿನ ಹಾಳೆ ತೆಗೆದು ತೋರಿಸಬೇಡಿ. ಒಮ್ಮೆ ನಾನು ಹಾಗೆ ಮಾಡಿದ್ದಕ್ಕೆ ಒಬ್ಬ ಹಿರಿಯರು ಬಾಯಿ ಮುಚ್ಚಿಕೊಂಡರು. ಆ ಕಥೆ ನನಗೆ ಮತ್ತೆ ಸಿಗಲಿಲ್ಲ. ಅದರ ನೋವು ನನಗೆ ಈಗಲೂ ಇದೆ.

ಆಮೇಲೆ ಇನ್ನೊಬ್ಬರು ಬಂದರು. 'ದ ವಾಲ್' ಕೇಳಿದ್ದು 1978ರಲ್ಲಿ, ಹತ್ತನೇ ಕ್ಲಾಸಿನಲ್ಲಿ, ಅದರಲ್ಲಿ ಅನುಮಾನವೇ ಇಲ್ಲ ಎಂದರು. 'ದ ವಾಲ್' ಬಂದದ್ದು 1979ರ ಕೊನೆಗೆ. ನಾನು ಏನೂ ಹೇಳಲಿಲ್ಲ. 'ಮೊದಲು ನೆನಪಿಗೆ ಬರುವ ಸದ್ದು ಯಾವುದು?' ಎಂದು ಕೇಳಿದೆ. 'ನಾಯಿ ಬೊಗಳೋದು' ಎಂದರು. ಟೇಪಿನಲ್ಲಿ ನಾಯಿ ಬೊಗಳಿದ್ದಕ್ಕೆ ಮನೆಯ ನಾಯಿ ಎದ್ದು ಹುಡುಕಾಡಿತ್ತಂತೆ. ನನಗೆ ಅಲ್ಲೇ ಅರ್ಥವಾಯಿತು. ಅದು 'ಅನಿಮಲ್ಸ್', 1977ರ ಜನವರಿಯ ಆಲ್ಬಮ್. ಅದರ ನಾಯಿಗಳ ಹಾಡು 17 ನಿಮಿಷ, ನಡುವೆ ಬೊಗಳುವ ಸದ್ದೇ ಇದೆ. ಅವರ ವರ್ಷ ಸರಿ ಇತ್ತು, ಹೆಸರು ಜಾರಿತ್ತು. ದೊಡ್ಡ ಹೆಸರು ಸಣ್ಣ ಹೆಸರನ್ನು ನುಂಗಿಬಿಟ್ಟಿತ್ತು. 'ಅನಿಮಲ್ಸ್' ಹಾಕಿ ಕೇಳಿಸಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ನಾಯಿಯ ಹೆಸರು ಹೇಳಿದರು.

ಹಾಗಾಗಿ ತಾರೀಕು ತಪ್ಪಿದರೆ ಅಲ್ಲಿ ನಿಂತು ಇನ್ನೊಂದು ಪ್ರಶ್ನೆ ಕೇಳಿ. ಯಾವ ಕ್ಲಾಸು, ಯಾವ ಮನೆ, ಯಾರ ಮದುವೆಯ ಹಿಂದೆಮುಂದೆ. ಜನ ತಮ್ಮ ಬದುಕಿನ ಲೆಕ್ಕವನ್ನು ಬ್ಯಾಂಡಿನ ಲೆಕ್ಕಕ್ಕಿಂತ ಸರಿಯಾಗಿ ಇಟ್ಟಿರುತ್ತಾರೆ. ಕೊನೆಗೂ ಹೊಂದದಿದ್ದರೆ ಅವರ ಮಾತನ್ನು ಹಾಗೇ ಬರೆಯಿರಿ. ಸರಿಯಾದ ತಾರೀಕನ್ನು ಬದಿಯಲ್ಲಿ ನಿಮ್ಮ ಟಿಪ್ಪಣಿಯಾಗಿ ಬರೆಯಿರಿ. ಅವರ ಬಾಯಿಗೆ ತುರುಕಬೇಡಿ.

ರೆಕಾರ್ಡ್ ಮಾಡುವುದು, ಬರೆಯುವುದು

ಇದರಲ್ಲಿ ಹೇಳುವುದು ಸ್ವಲ್ಪವೇ. ಫೋನು ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಮಾತಿನ ಮಧ್ಯೆ ಕರೆ ಬರುತ್ತದೆ. ಮೇಜಿನ ಮೇಲೆ ಮಡಚಿದ ಬಟ್ಟೆ ಹಾಸಿ ಅದರ ಮೇಲಿಡಿ, ಕೈ ತಾಗಿದ ಸದ್ದು ಬರುವುದಿಲ್ಲ. ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ, ಆಮೇಲೆ ಶುರು ಮಾಡಿ. ಅವತ್ತೇ ರಾತ್ರಿ ಎರಡು ಕಡೆ ಕಾಪಿ ಮಾಡಿ. ಫೈಲಿಗೆ ತಾರೀಕು ಹಾಕಿ ಹೆಸರಿಡಿ.

ರೆಕಾರ್ಡ್ ಮಾಡಲು ಒಪ್ಪಿಗೆ ಕೇಳಿ. ಎಲ್ಲಾದರೂ ಪ್ರಕಟಿಸಲು ಇನ್ನೊಮ್ಮೆ ಕೇಳಿ. ಈ ಕಥೆಗಳಲ್ಲಿ ಟೇಪು ಕೊಟ್ಟವರು ಎಷ್ಟೋ ಸಲ ಹಳೆಯ ಪ್ರೀತಿ. ಆ ಹೆಸರು ನಿಮ್ಮ ಹತ್ತಿರವೇ ಉಳಿಯಲಿ.

ಬರೆಯುವಾಗ ಅವರ ಮಾತನ್ನು ಅಂದಗೊಳಿಸಬೇಡಿ. 'ಆ ಕಪ್ಪು ಡಬ್ಬ' ಎಂದಿದ್ದರೆ 'ಕ್ಯಾಸೆಟ್ ಪ್ಲೇಯರ್' ಎಂದು ತಿದ್ದಬೇಡಿ. ಬ್ಯಾಂಡಿನ ಇತಿಹಾಸ ಸೇರಿಸಬೇಡಿ, ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಮೊದಲ ಸಾಲಿನಲ್ಲಿ ಬ್ಯಾಂಡಿನ ಹೆಸರು ಬರದಿದ್ದರೆ ಇನ್ನೂ ಒಳ್ಳೆಯದು. ಅವರಿಗೂ ಆ ದಿನ ಹೆಸರು ಗೊತ್ತಿರಲಿಲ್ಲ, ಓದುವವರಿಗೂ ಸ್ವಲ್ಪ ಹೊತ್ತು ಗೊತ್ತಾಗದಿರಲಿ. ಬರೆದದ್ದನ್ನು ಅವರಿಗೆ ಓದಿ ಹೇಳಿ. ಓದುವಾಗ ಇನ್ನೊಂದು ವಿಷಯ ನೆನಪಾಗುತ್ತದೆ, ಪ್ರತಿ ಸಲವೂ. ಪೆನ್ನು ಕೈಯಲ್ಲಿರಲಿ.

ಒಬ್ಬರಿಂದ ಇನ್ನೊಬ್ಬರಿಗೆ

ಕೊನೆಗೆ ಒಂದು ಪ್ರಶ್ನೆ ಉಳಿಸಿಟ್ಟುಕೊಳ್ಳಿ. ಪ್ಲೇ ಒತ್ತಿದವರಿಗೆ ಅದು ಸಿಕ್ಕಿದ್ದು ಯಾರಿಂದ? ಗೊತ್ತಿದ್ದರೆ ಅವರ ಮನೆಗೆ ಹೋಗಿ. ಹೆಚ್ಚಿನ ಸಲ ದಾರಿ ಎರಡನೇ ಮನೆಗೆ ನಿಂತುಹೋಗುತ್ತದೆ. ಕೆಲವು ಸಲ ಮುಂದೆ ಹೋಗುತ್ತದೆ.

ಅಣ್ಣನ ಗೆಳೆಯನನ್ನು ನಾನು ನಾಲ್ಕು ವರ್ಷದ ಹಿಂದೆ ಹುಡುಕಿದೆ. ಅಣ್ಣನಿಗೂ ಅವರಿಗೂ ಕಾಲೇಜು ಮುಗಿದ ಮೇಲೆ ಸಂಪರ್ಕ ಇರಲಿಲ್ಲ. ಅವರ ಎದುರು ಆ ಟೇಪು ಇಟ್ಟೆ. ನೀಲಿ ಪೆನ್ನಿನ ಅಕ್ಷರ ಅಳಿಸಿಹೋಗುತ್ತಾ ಬಂದಿದೆ, ಓದಬಹುದು. ಅವರು ತಮ್ಮದೇ ಕೈಬರಹವನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಅಣ್ಣಾ, ಕೊನೆಗೆ ಆ ಒಂದೂವರೆ ನಿಮಿಷ ಯಾಕೆ ಹಾಕಿದಿರಿ?" ಎಂದು ಕೇಳಿದೆ.

"ಟೇಪು ಉಳಿದಿತ್ತಮ್ಮ. ಖಾಲಿ ಬಿಡೋಕೆ ಮನಸ್ಸಾಗಲಿಲ್ಲ. ಹಾಡು ಶುರುವಾಗೋ ಹೊತ್ತಿಗೆ ಮುಗಿಯೋ ಹಾಗೆ ಲೆಕ್ಕ ಹಾಕಿದೆ. ಮುಂದೇನು ಅಂತ ನಿಮ್ಮಣ್ಣ ಕೇಳ್ಕೊಂಡು ಬರ್ತಾನೆ, ಆಗ ಇನ್ನೊಂದು ಬದಿ ತುಂಬಿಸಿ ಕೊಡೋಣ ಅಂದುಕೊಂಡಿದ್ದೆ. ಅವನು ಬರಲೇ ಇಲ್ಲ."

"ನಾನು ಬಂದೆನಲ್ಲ."

ಅವರು ಎದ್ದು ಒಳಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಬಂದರು. ಅವತ್ತೇ ಎರಡನೇ ಬದಿಗೆ 'ವಿಶ್ ಯು ವರ್ ಹಿಯರ್' ತುಂಬಿಸಿ ಕೊಟ್ಟರು. ಅದು ಸುಮಾರು 44 ನಿಮಿಷ, ಸರಿಯಾಗಿ ಹಿಡಿಸಿತು. ನಾವಿಬ್ಬರೂ ಅದು ರೆಕಾರ್ಡ್ ಆಗುವವರೆಗೂ ಕೂತು ಕೇಳಿದೆವು. ನನ್ನ ಪಟ್ಟಿಯಲ್ಲಿ ಅವರದು 31ನೇ ಕಥೆ.

'ಡಾರ್ಕ್ ಸೈಡ್' ಎಲ್‌ಪಿ ಅವರದಲ್ಲವಂತೆ, ಅವರ ಸೋದರಮಾವನದು. ಮಾವ ಈಗಲೂ ಇದ್ದಾರೆ, 81 ವರ್ಷ, ಕಿವಿ ಸ್ವಲ್ಪ ಮಂದ. ಎಲ್‌ಪಿಗಳನ್ನು ಯಾರಿಗೂ ಕೊಟ್ಟಿಲ್ಲವಂತೆ. ಎರಡು ಸಲ ಹೋಗಬೇಕೆಂದಾಗಲೂ ಅವರಿಗೆ ಮೈಯಲ್ಲಿ ಹುಷಾರಿರಲಿಲ್ಲ. ಮುಂದಿನ ತಿಂಗಳು ಬನ್ನಿ ಎಂದಿದ್ದಾರೆ. ಟೇಪು ತೆಗೆದುಕೊಂಡು ಹೋಗುತ್ತೇನೆ. 'ಟೈಮ್' ಹಾಡಿನ ಮೇಲೆ ಆ ಎರಡು ಗೀರು ಎಲ್ಲಿವೆ ಎಂದು ನೋಡಬೇಕು, ಹೇಗೆ ಬಿದ್ದವು ಎಂದು ಕೇಳಬೇಕು.